ವರ್ಟಸ್ ಜಿಟಿ 1.5: ದಿನಾ ಸಿಲ್ಕ್ ಬೋರ್ಡ್ ದಾಟುವವನಿಗೆ ಮ್ಯಾನುಯಲ್ಲಾ, ಡಿಎಸ್‌ಜಿನಾ?

ಗುಂಡ್ಯ_ಗಾಡಿ

ನಮಸ್ಕಾರ ಎಲ್ಲರಿಗೂ. ಹಳೇ ಡೀಸೆಲ್ ಸ್ವಿಫ್ಟ್ ಮಾರಿ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಪ್ಲಸ್ ತೆಗೆದುಕೊಳ್ಳುವುದು ಅಂತ ತೀರ್ಮಾನ ಆಗಿದೆ. ಅದರಲ್ಲಿ ಚರ್ಚೆ ಇಲ್ಲ. ದಯವಿಟ್ಟು "ಆ ದುಡ್ಡಿಗೆ ಎಸ್‌ಯುವಿ ಬರುತ್ತದಲ್ಲ" ಅಂತ ಯಾರೂ ಶುರು ಮಾಡಬೇಡಿ, ಮನೆಯಲ್ಲಿ ನಮ್ಮ ಮಾವ ಈಗಾಗಲೇ ಆ ಕೆಲಸ ಮಾಡುತ್ತಿದ್ದಾರೆ.

ನನಗೆ ತಲೆ ಕೆಟ್ಟಿರುವುದು ಗೇರ್‌ಬಾಕ್ಸ್ ವಿಷಯಕ್ಕೆ. ಎಂಜಿನ್ ಎರಡರಲ್ಲೂ ಒಂದೇ, 1.5 ಟಿಎಸ್‌ಐ ಟರ್ಬೋ ಪೆಟ್ರೋಲ್, 150 ಪಿಎಸ್ ಪವರ್, 250 ಎನ್‌ಎಂ ಟಾರ್ಕ್ (ಎಳೆಯುವ ಬಲ). ಒಂದಕ್ಕೆ 6 ಸ್ಪೀಡ್ ಮ್ಯಾನುಯಲ್, ಇನ್ನೊಂದಕ್ಕೆ 7 ಸ್ಪೀಡ್ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್. ಎಕ್ಸ್-ಶೋರೂಂ ಬೆಲೆಯಲ್ಲೇ ಸುಮಾರು ಒಂದೂವರೆ ಲಕ್ಷ ವ್ಯತ್ಯಾಸ ಬರುತ್ತಿದೆ. ಅದರ ಮೇಲೆ ನಮ್ಮ ಕರ್ನಾಟಕದ ಲೈಫ್ ಟ್ಯಾಕ್ಸ್ 17 ಪರ್ಸೆಂಟ್, ಆ ಟ್ಯಾಕ್ಸ್ ಮೇಲೆ ಮತ್ತೆ ಸೆಸ್. ಅಂದರೆ ಗೇರ್‌ಬಾಕ್ಸ್ ಬದಲಾಯಿಸಿದ್ದಕ್ಕೇ ಸರ್ಕಾರಕ್ಕೆ ಇನ್ನೊಂದು 28 ಸಾವಿರ ಕೊಡಬೇಕು!

ನನ್ನ ಓಡಾಟ ಹೀಗಿದೆ. ಮನೆ ಬನಶಂಕರಿ, ಆಫೀಸ್ ಬೆಳ್ಳಂದೂರು. ಬಿಟಿಎಂ, ಸಿಲ್ಕ್ ಬೋರ್ಡ್, ಇಬ್ಬಲೂರು, ಗೊತ್ತಲ್ಲ ಆ ದಾರಿ. ಊರು ಪುತ್ತೂರು, ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಹೋಗುತ್ತೇನೆ. ಹೆಂಡತಿಗೂ ಲೈಸೆನ್ಸ್ ಇದೆ, ಆದರೆ ಬೆಂಗಳೂರಲ್ಲಿ ಸ್ವಿಫ್ಟ್ ಮುಟ್ಟುವುದಿಲ್ಲ. ಗಾಡಿ ಎಂಟು-ಹತ್ತು ವರ್ಷ ಇಟ್ಟುಕೊಳ್ಳುವವನು ನಾನು. ಡಿಎಸ್‌ಜಿ ಬಗ್ಗೆ ಕೇಳಿದರೆ ಒಬ್ಬ "ಸ್ವರ್ಗ" ಅನ್ನುತ್ತಾನೆ, ಇನ್ನೊಬ್ಬ "ವಾರಂಟಿ ಮುಗಿದ ಮೇಲೆ ಮನೆ ಅಡ ಇಡು" ಅನ್ನುತ್ತಾನೆ. ಯಾವುದನ್ನು ನಂಬಲಿ?

---

ಎಡಗಾಲು_ಶಾಸ್ತ್ರಿ

ಬನಶಂಕರಿಯಿಂದ ಬೆಳ್ಳಂದೂರಿಗೆ ದಿನಾ ಹೋಗಿ ಬರುವವನು ಮ್ಯಾನುಯಲ್ ತೆಗೆದುಕೊಳ್ಳಲಾ ಅಂತ ಕೇಳುವುದೇ ತಮಾಷೆ. ಡಿಎಸ್‌ಜಿ ತಗೊಳ್ಳಿ ಗುರು. ಒಂದೂವರೆ ಲಕ್ಷ ಉಳಿಸಿ ಮಂಡಿ ಡಾಕ್ಟರಿಗೆ ಕೊಡುತ್ತೀರಿ, ಅಷ್ಟೇ.

---

ಕ್ಲಚ್‌ಪ್ಲೇಟ್_ಕಿಟ್ಟಿ

ಶಾಸ್ತ್ರಿಗಳು ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ. ಡಿಎಸ್‌ಜಿ ಅಂದರೆ ಎಲ್ಲರೂ ಮಾಮೂಲಿ ಆಟೋಮ್ಯಾಟಿಕ್ ಅಂದುಕೊಂಡು ಓಡಿಸುತ್ತಾರೆ. ತೊಂದರೆ ಅಲ್ಲಿಂದಲೇ ಶುರುವಾಗುತ್ತದೆ.

ಇದರ ಒಳಗೆ ಎರಡು ಕ್ಲಚ್ ಇವೆ. ಒಂದು 1, 3, 5, 7ನೇ ಗೇರಿಗೆ. ಇನ್ನೊಂದು 2, 4, 6 ಮತ್ತು ರಿವರ್ಸಿಗೆ. ನಾವು ನಡೆಯುವಾಗ ಒಂದು ಕಾಲು ನೆಲದಲ್ಲಿದ್ದಾಗಲೇ ಇನ್ನೊಂದು ಮುಂದೆ ಬಂದಿರುತ್ತದಲ್ಲ, ಹಾಗೆ. ನೀವು ಎರಡನೇ ಗೇರಲ್ಲಿದ್ದಾಗಲೇ ಮೂರನೆಯದು ತಯಾರಾಗಿ ಕೂತಿರುತ್ತದೆ. ಅದಕ್ಕೇ ಗೇರ್ ಬಿದ್ದಿದ್ದೇ ಗೊತ್ತಾಗುವುದಿಲ್ಲ, ಅಷ್ಟು ಚುರುಕು. ಓಪನ್ ರೋಡಲ್ಲಿ ಇದಕ್ಕೆ ಸಾಟಿ ಇಲ್ಲ.

ಆದರೆ ವರ್ಟಸ್‌ಗೆ ಬರುವ ಡಿಕ್ಯೂ200 ಬಾಕ್ಸಿನದು ಡ್ರೈ ಕ್ಲಚ್. ತಣ್ಣಗಾಗಲು ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಟಾರ್ಕ್ ಮಿತಿಯೂ 250 ಎನ್‌ಎಂ, ಎಂಜಿನ್ ಕೊಡುವುದೂ ಅಷ್ಟೇ. ಸಿಲ್ಕ್ ಬೋರ್ಡಲ್ಲಿ ಬ್ರೇಕ್ ಮೇಲೆ ಕಾಲು ಹಗುರವಾಗಿ ಇಟ್ಟುಕೊಂಡು ಇಂಚಿಂಚು ತೆವಳಿದರೆ ಒಳಗೆ ಒಂದು ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತಲೇ ಇರುತ್ತದೆ. ಮ್ಯಾನುಯಲ್‌ನಲ್ಲಿ ಹಾಫ್ ಕ್ಲಚ್ ಮಾಡಿದರೆ ಕಾಲಿಗೆ ಗೊತ್ತಾಗುತ್ತದೆ, ವಾಸನೆಯೂ ಬರುತ್ತದೆ. ಇಲ್ಲಿ ಎಲ್ಲ ಗುಟ್ಟಾಗಿ ನಡೆಯುತ್ತದೆ.

ಹೆದರಬೇಡಿ, ಇದಕ್ಕೆ ಅಭ್ಯಾಸ ಬದಲಾಯಿಸಿದರೆ ಸಾಕು. ನಿಂತಾಗ ಬ್ರೇಕ್ ಗಟ್ಟಿಯಾಗಿ ಒತ್ತಿ, ಆಗ ಕ್ಲಚ್ ಪೂರ್ತಿ ಬಿಟ್ಟುಕೊಳ್ಳುತ್ತದೆ. ಮುಂದಿನ ಗಾಡಿ ಒಂದಿಷ್ಟು ದೂರ ಹೋಗಲಿ, ಆಮೇಲೆ ಒಂದೇ ಸಲ ಮುಂದೆ ಹೋಗಿ ನಿಲ್ಲಿ. (ಆ ಗ್ಯಾಪಲ್ಲಿ ಆಟೋ ತೂರುತ್ತದೆ. ತೂರಲಿ ಬಿಡಿ.) ತೀರಾ ಜಾಮ್ ಇದ್ದರೆ ಮ್ಯಾನುಯಲ್ ಮೋಡಿಗೆ ಹಾಕಿ ಒಂದನೇ ಗೇರಲ್ಲೇ ಹಿಡಿದಿಡಿ. ಇಲ್ಲದಿದ್ದರೆ ಅದು ಒಂದಕ್ಕೂ ಎರಡಕ್ಕೂ ಸುಮ್ನೆ ಓಡಾಡುತ್ತಾ ಜರ್ಕ್ ಕೊಡುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳುವ ಚಾಳಿ ಇದ್ದರೆ ಇವತ್ತೇ ಬಿಡಿ.

ಡಿಎಸ್‌ಜಿಗೆ ಕೆಟ್ಟ ಹೆಸರು ಬಂದಿದ್ದು ಸುಮ್ನೆ ಅಲ್ಲ. 2013ರ ಮಾರ್ಚಿನಲ್ಲಿ ಚೀನಾದಲ್ಲಿ 3.84 ಲಕ್ಷ ಕಾರುಗಳನ್ನು ಕಂಪನಿ ವಾಪಸ್ ಕರೆಸಬೇಕಾಯಿತು. ಅದೇ ವರ್ಷ ನವೆಂಬರಲ್ಲಿ ಇದೇ 7 ಸ್ಪೀಡ್ ಬಾಕ್ಸಿನ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಲು ಇನ್ನೂ ದೊಡ್ಡ ರೀಕಾಲ್ ಆಯಿತು. ಸೆಕೆ ಜಾಸ್ತಿ ಇರುವ ಊರುಗಳಲ್ಲಿ ಮೆಕಾಟ್ರಾನಿಕ್ ಯೂನಿಟ್ (ಗೇರ್, ಕ್ಲಚ್ ಎಲ್ಲ ಆಡಿಸುವ ಕಂಟ್ರೋಲ್ ಭಾಗ) ಒಳಗೆ ಕರೆಂಟ್ ಶಾರ್ಟ್ ಆಗುವ ಸಾಧ್ಯತೆ ಇತ್ತು, ಅದಕ್ಕೆ. ಆಗಿನ ಬಾಕ್ಸಿಗೂ ಈಗಿನದಕ್ಕೂ ತುಂಬಾ ಬದಲಾವಣೆ ಆಗಿದೆ. ಹಳೇ ಕಥೆ ಕೇಳಿ ಓಡಿಹೋಗಬೇಡಿ, ಹಾಗಂತ ಪೂರ್ತಿ ಮರೆಯಲೂ ಬೇಡಿ.

---

ಮಲ್ನಾಡ್_ಮ್ಯಾನುಯಲ್

ನನ್ನ ಹತ್ತಿರ ಇದೇ 1.5 ಮ್ಯಾನುಯಲ್ ಇದೆ. ಸಕಲೇಶಪುರ ಕಡೆಯವನು. ಖುಷಿಗೆ ಅಂತ ಕೇಳಿದರೆ ಕಣ್ಣು ಮುಚ್ಚಿ ಮ್ಯಾನುಯಲ್ ಅನ್ನುತ್ತೇನೆ. ಮೂರನೇ ಗೇರಲ್ಲಿ 2000 ಆರ್‌ಪಿಎಂ ದಾಟಿದ ಮೇಲೆ ಅದು ಎಳೆಯುವುದು ನೋಡಬೇಕು. ಮಾರನಹಳ್ಳಿ ದಾಟಿ ತಿರುವು ಶುರುವಾದಾಗ ಯಾವ ಗೇರಲ್ಲಿ ಇರಬೇಕು ಅಂತ ನೀವೇ ಹೇಳುತ್ತೀರಿ, ಕಂಪ್ಯೂಟರ್ ಅಲ್ಲ.

ಆದರೆ ಸತ್ಯ ಹೇಳಬೇಕಲ್ಲ. ಸಣ್ಣ ಟರ್ಬೋ ಎಂಜಿನ್, ಕೆಳಗಿನ ಆರ್‌ಪಿಎಂನಲ್ಲಿ ದಮ್ ಕಮ್ಮಿ. ಸ್ವಿಫ್ಟ್ ಡೀಸೆಲ್‌ನಿಂದ ಬರುವವರಿಗೆ ಟರ್ಬೋ ಲ್ಯಾಗ್ ಹೊಸದಲ್ಲ, ಆದರೂ ಇದು ಬೇರೆ ಥರ. ಶಿರಾಡಿ ಹತ್ತುವಾಗ ಮಂಗಳೂರಿನಿಂದ ಬರುವ ಗ್ಯಾಸ್ ಟ್ಯಾಂಕರ್ ಹಿಂದೆ ಸಿಕ್ಕಿಹಾಕಿಕೊಂಡಿದ್ದೀರಿ ಅಂದುಕೊಳ್ಳಿ. ಟ್ಯಾಂಕರ್ ನಡೆದುಕೊಂಡು ಹೋದಷ್ಟೇ ನಿಧಾನ. ಎರಡನೇ ಗೇರಲ್ಲಿ ಎಂಜಿನ್ ಮುಕ್ಕರಿಯುತ್ತದೆ, ಒಂದನೇ ಗೇರಿಗೆ ಹಾಕಿದರೆ ಸುಮ್ನೆ ಕಿರುಚುತ್ತದೆ. ಕ್ಲಚ್ ಮೇಲೆ ಕಾಲು ಆಡಿಸದೆ ಗತಿ ಇಲ್ಲ. ಸಿಲ್ಕ್ ಬೋರ್ಡಲ್ಲೂ ಇದೇ ಪಾಡು, ಏರು ಇಲ್ಲ ಅಷ್ಟೇ. ಹಾಗಾಗಿ ಡಿಎಸ್‌ಜಿಯಲ್ಲಿ ಮಾತ್ರ ಕ್ಲಚ್ ಸವೆಯುತ್ತದೆ ಅನ್ನುವುದು ತಪ್ಪು. ನನ್ನ ಗಾಡಿಯಲ್ಲೂ ಸವೆಯುತ್ತದೆ. ವ್ಯತ್ಯಾಸ ಏನಂದರೆ ಮ್ಯಾನುಯಲ್ ಕ್ಲಚ್ ಬದಲಾಯಿಸಲು ಊರಲ್ಲಿ ಕೈ ಪಳಗಿದ ಮೆಕ್ಯಾನಿಕ್ ಸಿಗುತ್ತಾನೆ. ಡಿಎಸ್‌ಜಿಗೆ ಬೇರೆ ಟೂಲ್ ಬೇಕು, ಲ್ಯಾಪ್‌ಟಾಪ್ ಬೇಕು, ದೊಡ್ಡ ಊರಿಗೇ ಬರಬೇಕು.

ಇನ್ನು ಸ್ಪೀಡ್ ಲೆಕ್ಕ ಬಿಟ್ಟುಬಿಡಿ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಮಿತಿ 100, ಕ್ಯಾಮೆರಾ ಸಾಲಾಗಿ ಇವೆ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್ ಅಂತ ಪೊಲೀಸರೇ ಹೇಳಿದ್ದಾರೆ. ಎರಡು ಗಾಡಿಯಲ್ಲಿ ಯಾವುದು ಅರ್ಧ ಸೆಕೆಂಡ್ ಮುಂದೆ ಅಂತ ನೋಡುವವರು ಯೂಟ್ಯೂಬಲ್ಲೇ ನೋಡಿಕೊಳ್ಳಲಿ.

---

ಗುಂಡ್ಯ_ಗಾಡಿ

ಕಿಟ್ಟಿ, ಮಲ್ನಾಡ್, ಇಬ್ಬರಿಗೂ ಥ್ಯಾಂಕ್ಸ್. ಬರೀ ಇಷ್ಟು ಕೇಳಿದ್ದಕ್ಕೆ ಶೋರೂಮಿನವರು "ಸರ್ ಯಾವ ಪ್ರಾಬ್ಲಮ್ಮೂ ಇಲ್ಲ, ಕಣ್ಣು ಮುಚ್ಚಿ ತಗೊಳ್ಳಿ" ಅಂತ ಒಂದೇ ಉಸಿರಲ್ಲಿ ಎರಡಕ್ಕೂ ಹೇಳಿದರು. ಇನ್ನೊಂದು ಪ್ರಶ್ನೆ. ಇದೇ ಕಾರಲ್ಲಿ 1.0 ಟಿಎಸ್‌ಐ ಮೂರು ಸಿಲಿಂಡರ್ ಎಂಜಿನ್ನಿಗೆ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ಬರುತ್ತದಲ್ಲ, ಟ್ರಾಫಿಕ್ಕಿಗೆ ಅದು ಒಳ್ಳೆಯದು ಅಂತ ಆಫೀಸಲ್ಲಿ ಒಬ್ಬರು ತಲೆಗೆ ಹುಳ ಬಿಟ್ಟಿದ್ದಾರೆ.

---

ಹೆಬ್ಬಾಳದಲ್ಲಿ_ಸಿಕ್ಕಿಬಿದ್ದವಳು

ಆ 1.0 ಆಟೋಮ್ಯಾಟಿಕ್ ಓಡಿಸುವವಳು ನಾನು, ಹಾಗಾಗಿ ನಾನೇ ಹೇಳುತ್ತೇನೆ. 115 ಪಿಎಸ್, 178 ಎನ್‌ಎಂ. ಟ್ರಾಫಿಕ್ಕಲ್ಲಿ ಮಾತ್ರ ಹೇಳುವುದಾದರೆ ಡಿಎಸ್‌ಜಿಗಿಂತ ಇದೇ ನೆಮ್ಮದಿ. ಟಾರ್ಕ್ ಕನ್ವರ್ಟರ್ ಒಳಗೆ ಎಂಜಿನ್ ಶಕ್ತಿಯನ್ನು ದಾಟಿಸುವುದೇ ದ್ರವ, ಇಂಚಿಂಚು ತೆವಳಿದರೂ ಬೇಜಾರಿಲ್ಲ. ಬ್ರೇಕ್ ಬಿಟ್ಟರೆ ಮೆಲ್ಲಗೆ ಮುಂದೆ ಹೋಗುತ್ತದೆ, ಜರ್ಕ್ ಇಲ್ಲ. ಮುಂದೆ ಗ್ಯಾಪ್ ಬಿಡಿ, ಗಟ್ಟಿಯಾಗಿ ಒತ್ತಿ, ಒಂದನೇ ಗೇರಿಗೆ ಹಾಕಿ, ಈ ಮಂತ್ರ ಎಲ್ಲ ಬೇಕಿಲ್ಲ. ಆದರೆ ನಿಮಗೆ ಜಿಟಿ ಬೇಕು ಅಂತ ಮನಸ್ಸಲ್ಲಿ ಕೂತಿದೆ ಅಲ್ವಾ? ಹಾಗಿದ್ದರೆ 1.0 ತೆಗೆದುಕೊಳ್ಳಬೇಡಿ. ನಾಲ್ಕು ಜನ, ಲಗೇಜ್, ಎಸಿ ಹಾಕಿ ಘಾಟಿ ಹತ್ತುವಾಗ ಪ್ರತಿ ಸಲ ಅದೇ ನೆನಪಾಗುತ್ತದೆ.

ಒಂದು ವಿಷಯ ನೀವ್ಯಾರೂ ಹೇಳಲಿಲ್ಲ. ಹೆಂಡತಿ ಸ್ವಿಫ್ಟ್ ಮುಟ್ಟುವುದಿಲ್ಲ ಅಂತ ಬರೆದಿದ್ದಾರೆ, ಯಾಕೆ ಅಂತ ಕೇಳಿದ್ದಾರಾ? ಕ್ಲಚ್ಚಿಗೆ ಹೆದರಿ ಮುಟ್ಟದೇ ಇದ್ದರೆ ಆಟೋಮ್ಯಾಟಿಕ್ ಬಂದ ದಿನವೇ ಓಡಿಸುತ್ತಾರೆ. ಟ್ರಾಫಿಕ್ಕಿಗೇ ಹೆದರಿದ್ದರೆ ಯಾವ ಗೇರ್‌ಬಾಕ್ಸೂ ಸಹಾಯ ಮಾಡುವುದಿಲ್ಲ. ಟೆಸ್ಟ್ ಡ್ರೈವಿಗೆ ಅವರನ್ನೂ ಕರೆದುಕೊಂಡು ಹೋಗಿ, ಹಿಂದಿನ ಸೀಟಲ್ಲಿ ಕೂರಿಸಬೇಡಿ, ಸ್ಟಿಯರಿಂಗ್ ಕೊಡಿ. ಸೆಡಾನ್, ನಾಲ್ಕೂವರೆ ಮೀಟರಿಗಿಂತ ಉದ್ದ. ಸ್ವಿಫ್ಟ್ ಅಂದಾಜಲ್ಲಿ ತಿರುಗಿಸಲು ಆಗುವುದಿಲ್ಲ.

ಟೆಸ್ಟ್ ಡ್ರೈವ್ ಬೆಳಿಗ್ಗೆ 11ಕ್ಕೆ ಖಾಲಿ ರೋಡಲ್ಲಿ ಕೊಡುತ್ತಾರೆ. ಬೇಡ ಅನ್ನಿ. ಸಂಜೆ ಆರಕ್ಕೆ ಕೇಳಿ. ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ತೆಗೆದುಕೊಂಡು ಹೋಗಿ. ರ‍್ಯಾಂಪ್ ಕಡಿದಾಗಿದ್ದು ರಿವರ್ಸಲ್ಲೇ ಹತ್ತಬೇಕಾದ ಜಾಗ ಇದ್ದರೆ ಅಲ್ಲಿ ಡಿಎಸ್‌ಜಿ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಲೇಬೇಕು. ನನಗೆ ಹಿಂದೆ ಬೇರೆ ಕಂಪನಿಯ ಡ್ರೈ ಕ್ಲಚ್ ಗಾಡಿ ಇತ್ತು, ಹೆಸರು ಬೇಡ, ದಿನಾ ನಮ್ಮ ರ‍್ಯಾಂಪಲ್ಲಿ ಹಿಂದೆ ಮುಂದೆ ಮಾಡಿ ಮಾಡಿ ಡ್ಯಾಶಲ್ಲಿ ಗೇರ್‌ಬಾಕ್ಸ್ ಬಿಸಿ ಅಂತ ವಾರ್ನಿಂಗ್ ಬರುತ್ತಿತ್ತು. ಆಫೀಸ್ ರೋಡಲ್ಲಿ ಒಂದು ಸಲವೂ ಬರಲಿಲ್ಲ, ಮನೆ ಕೆಳಗೇ ಬರುತ್ತಿತ್ತು.

---

ಕ್ಲಚ್‌ಪ್ಲೇಟ್_ಕಿಟ್ಟಿ

ಆ ರ‍್ಯಾಂಪ್ ಮಾತು ನೂರಕ್ಕೆ ನೂರು. ರಿವರ್ಸಲ್ಲಿ ಏರು ಹತ್ತುವುದು ಈ ಬಾಕ್ಸಿಗೆ ಅತಿ ಕಷ್ಟದ ಕೆಲಸ. ಕಾರು ಇಳಿಜಾರಲ್ಲಿ ತಲೆ ಕೆಳಗೆ ಮಾಡಿ ನಿಲ್ಲಿಸಬೇಡಿ, ಹೊರಡುವಾಗ ಮುಂದಕ್ಕೇ ಹತ್ತುವ ಹಾಗೆ ನಿಲ್ಲಿಸಿಕೊಳ್ಳಿ.

ಶಿರಾಡಿ ಇಳಿಯುವ ವಿಷಯವೂ ಹೇಳಿಬಿಡುತ್ತೇನೆ. ಡಿಎಸ್‌ಜಿಯನ್ನು ಡಿ ಮೋಡಲ್ಲೇ ಬಿಟ್ಟು ಘಾಟಿ ಇಳಿಯಬೇಡಿ. ಮೈಲೇಜ್ ಆಸೆಗೆ ಅದು ಮೇಲಿನ ಗೇರಿಗೆ ಹೋಗಿಬಿಡುತ್ತದೆ, ಪೂರ್ತಿ ಭಾರ ಬ್ರೇಕ್ ಮೇಲೆ ಬೀಳುತ್ತದೆ. 150 ಪಿಎಸ್ ಗಾಡಿಗೆ ಹಿಂದೆ ಡ್ರಮ್ ಬ್ರೇಕ್ ಕೊಟ್ಟಿದ್ದಾರೆ ಬೇರೆ, ಈ ಬೆಲೆಗೆ ಇದು ನನಗೆ ಒಪ್ಪಿಗೆ ಇಲ್ಲ, ಇರಲಿ. ಎಸ್ (ಸ್ಪೋರ್ಟ್) ಮೋಡ್ ಹಾಕಿ, ಇಲ್ಲವೇ ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ನಿಂದ ಎರಡು ಅಥವಾ ಮೂರಕ್ಕೆ ಇಳಿಸಿ ಬಿಡಿ. ಎಂಜಿನ್ ಬ್ರೇಕಿಂಗ್ ಚೆನ್ನಾಗಿಯೇ ಸಿಗುತ್ತದೆ.

ಎರಡು ಸಿಲಿಂಡರ್ ಆಫ್ ಆಗುವ ಫೀಚರ್ ಬಗ್ಗೆ ಶೋರೂಮಲ್ಲಿ ದೊಡ್ಡದಾಗಿ ಹೇಳಿರುತ್ತಾರೆ. ಅದು ಕೆಲಸ ಮಾಡುವುದು ಹೈವೇಲಿ ಹದವಾಗಿ ಹೋಗುವಾಗ. ಹಾಸನ ರೋಡಲ್ಲಿ ಖುಷಿ ಕೊಡುತ್ತದೆ, ಸಿಲ್ಕ್ ಬೋರ್ಡಲ್ಲಿ ಅದರಿಂದ ಏನೂ ಸಿಗುವುದಿಲ್ಲ. ಊರೊಳಗೆ ಎರಡೂ ಪೆಟ್ರೋಲ್ ಚೆನ್ನಾಗಿಯೇ ಕುಡಿಯುತ್ತವೆ, ಮೈಲೇಜ್ ನೋಡಿ ಆರಿಸಲು ಹೋಗಬೇಡಿ.

ನನ್ನ ಲೆಕ್ಕ ಇಷ್ಟು. ನೀವು ಒಬ್ಬರೇ ಓಡಿಸುವುದಾದರೆ, ಹತ್ತು ವರ್ಷ ಇಟ್ಟುಕೊಳ್ಳುವುದಾದರೆ, ಎಡಗಾಲಿಗೆ ದಮ್ ಇದ್ದರೆ ಮ್ಯಾನುಯಲ್. ಇಬ್ಬರು ಓಡಿಸುವುದಾದರೆ ಡಿಎಸ್‌ಜಿ, ಆದರೆ ಎಕ್ಸ್‌ಟೆಂಡೆಡ್ ವಾರಂಟಿ ಎಷ್ಟು ವರ್ಷಕ್ಕೆ ಸಿಗುತ್ತದೋ ಅಷ್ಟಕ್ಕೂ ಕಟ್ಟಿ. ಆ ದುಡ್ಡನ್ನು ಗಾಡಿ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಸೇರಿಸಿದ ಮೇಲೂ ಕೈಗೆ ಎಟುಕುತ್ತದೆ ಅಂದರೆ ಮಾತ್ರ ತಗೊಳ್ಳಿ. ಮೆಕಾಟ್ರಾನಿಕ್ ಹೋದರೆ ಬರುವ ಬಿಲ್ ಲಕ್ಷದ ಮೇಲೆ ಮಾತಾಡುತ್ತದೆ.

---

ಗುಂಡ್ಯ_ಗಾಡಿ

ಟೆಸ್ಟ್ ಡ್ರೈವ್ ಆಯಿತು. ಸಂಜೆಯೇ ಕೇಳಿದೆ, ಸೇಲ್ಸ್ ಹುಡುಗ ಮುಖ ಹುಳಿ ಮಾಡಿಕೊಂಡೇ ಒಪ್ಪಿದ. ಮೊದಲು ಮ್ಯಾನುಯಲ್. ಕ್ಲಚ್ ಅಂದುಕೊಂಡಷ್ಟು ಭಾರ ಇಲ್ಲ, ಆದರೆ ಮಲ್ನಾಡ್ ಹೇಳಿದ ಹಾಗೆ ಎರಡನೇ ಗೇರಲ್ಲಿ ನಿಧಾನಕ್ಕೆ ಹೋಗುವಾಗ ಮುಕ್ಕರಿಯುವುದು ಗೊತ್ತಾಯಿತು. ಬಿಟಿಎಂ ದಾಟುವಷ್ಟರಲ್ಲಿ ಸಾಕಾಯಿತು. ಆಮೇಲೆ ಒಂದು ಕಡೆ ಖಾಲಿ ರೋಡ್ ಸಿಕ್ಕಿತು, ಮೂರನೇ ಗೇರಲ್ಲಿ ಒತ್ತಿದೆ, ಬೇಜಾರೆಲ್ಲ ಹೋಯಿತು. ಅದೇ ತೊಂದರೆ ನೋಡಿ.

ಡಿಎಸ್‌ಜಿಯನ್ನು ಹೆಂಡತಿಗೇ ಕೊಟ್ಟೆ. ಮೊದಲು ಎರಡು ಸಲ ಜರ್ಕ್ ಹೊಡೆಯಿತು, ಗಟ್ಟಿಯಾಗಿ ಬ್ರೇಕ್ ಒತ್ತು, ಗ್ಯಾಪ್ ಬಿಟ್ಟು ಹೋಗು ಅಂದೆ, ಆಮೇಲೆ ಆರಾಮಾಗಿ ಬನಶಂಕರಿ ತನಕ ಬಂದಳು. "ಹಾರ್ನ್ ಹೊಡೆಯುವವರು ಹೊಡೆಯಲಿ" ಅಂತ ಅವಳೇ ಹೇಳಿದಳು. ಯಾಕೆ ಸ್ವಿಫ್ಟ್ ಮುಟ್ಟುವುದಿಲ್ಲ ಅಂತ ಕೇಳಿದೆ. ಫ್ಲೈಓವರ್ ಏರಿನಲ್ಲಿ ಹಿಂದಕ್ಕೆ ಜಾರುತ್ತದೆ ಅನ್ನುವ ಹೆದರಿಕೆ ಅಂತೆ. ಇದರಲ್ಲಿ ಹಿಲ್ ಹೋಲ್ಡ್ ಇದೆ, ಜಾರಲಿಲ್ಲ. (ಹಿಲ್ ಹೋಲ್ಡ್ ಮ್ಯಾನುಯಲ್‌ನಲ್ಲೂ ಇದೆ ಅಂತ ನಾನು ಬಾಯಿ ಬಿಡಲಿಲ್ಲ.) ನಮ್ಮ ಬೇಸ್‌ಮೆಂಟ್ ರ‍್ಯಾಂಪ್ ಮುಂದಕ್ಕೇ ಹತ್ತುವಂಥದ್ದು, ಅದೊಂದು ಚಿಂತೆ ಇಲ್ಲ.

ಹಾಗಾಗಿ ಡಿಎಸ್‌ಜಿ, ಎಕ್ಸ್‌ಟೆಂಡೆಡ್ ವಾರಂಟಿ ಸೇರಿಸಿಯೇ. ಮ್ಯಾನುಯಲ್ ಆಸೆ ಹೋಗಿಲ್ಲ, ಘಾಟಿಯಲ್ಲಿ ಪ್ಯಾಡಲ್ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೇನೆ. ಬುಕಿಂಗ್ ಕೊಡುವ ಮೊದಲು ಕೇಳಬೇಕಾದ್ದು ಏನಾದರೂ ಇದೆಯಾ?

---

ಮಲ್ನಾಡ್_ಮ್ಯಾನುಯಲ್

ಒಂದು ಮತ ಕಳೆದುಕೊಂಡೆ, ಪರವಾಗಿಲ್ಲ. ಯಾವ ತಿಂಗಳು ತಯಾರಾದ ಗಾಡಿ ಅಂತ ವಿಐಎನ್ ನಂಬರ್ (ಚಾಸಿಸ್ ನಂಬರ್) ಕೇಳಿ. ಯಾರ್ಡಲ್ಲಿ ಮಳೆ ಬಿಸಿಲಿಗೆ ತಿಂಗಳುಗಟ್ಟಲೆ ನಿಂತಿದ್ದು ಬೇಡ. ಹಣ ಪೂರ್ತಿ ಕಟ್ಟುವ ಮೊದಲೇ, ಹಗಲು ಬೆಳಕಲ್ಲೇ ಗಾಡಿ ನೋಡಿ. ಆಕ್ಸೆಸರಿ ಪ್ಯಾಕ್ ಕಡ್ಡಾಯ ಅಂದರೆ ಬರವಣಿಗೆಯಲ್ಲಿ ಕೊಡಿ ಅನ್ನಿ, ಸುಮ್ಮನಾಗುತ್ತಾರೆ. ಇನ್ಶೂರೆನ್ಸ್ ಹೊರಗಿನಿಂದಲೂ ಒಂದು ಕೊಟೇಶನ್ ತೆಗೆಸಿಕೊಳ್ಳಿ. ಮಳೆಗಾಲದಲ್ಲಿ ಹೊರಡುವ ಮುಂಚೆ ಶಿರಾಡಿ ಓಪನ್ ಇದೆಯಾ ಅಂತ ನೋಡಿಕೊಂಡು ಹೊರಡಿ, 2024ರ ಜುಲೈಯಲ್ಲಿ ದೊಡ್ಡತಪ್ಪಲು ಹತ್ತಿರ ಗುಡ್ಡ ಕುಸಿದಾಗ ಎಷ್ಟು ಜನ ರಾತ್ರಿಯೆಲ್ಲ ರೋಡಲ್ಲೇ ಕೂತಿದ್ದರು ಗೊತ್ತಲ್ಲ. ಬಣ್ಣ ಯಾವುದು?

---

ಗುಂಡ್ಯ_ಗಾಡಿ

ಕೆಂಪು. ಮಾವನವರು ಬಿಳಿ ಅನ್ನುತ್ತಿದ್ದಾರೆ.