ಉಬ್ಬಸ ಇಲ್ಲದ ದಿನಗಳಲ್ಲೂ ಇನ್ಹೇಲರ್ ಬೇಕೇ?

ಪ್ರಶ್ನೆ
ನನಗೆ ಆಸ್ತಮಾ ಇರುವುದು ಪತ್ತೆಯಾಗಿ 3 ವರ್ಷಗಳಾದವು. ದಿನಕ್ಕೆರಡು ಬಾರಿ ಎಳೆದುಕೊಳ್ಳಲು ಬುಡೆಸೊನೈಡ್, ಉಸಿರು ಕಟ್ಟಿದಾಗ ಬಳಸಲು ಸಾಲ್ಬುಟಮಾಲ್ ಎಂದು ವೈದ್ಯರು ಎರಡು ಇನ್ಹೇಲರ್‌ಗಳನ್ನು ಬರೆದುಕೊಟ್ಟಿದ್ದಾರೆ. ಎರಡನೆಯದು ಕೆಲವೇ ನಿಮಿಷಗಳಲ್ಲಿ ಎದೆಯನ್ನು ಹಗುರಗೊಳಿಸುತ್ತದೆ. ಮೊದಲನೆಯದರಿಂದ ಏನೂ ಆದಂತೆ ತೋರುವುದಿಲ್ಲ. ಅದು ಸ್ಟೀರಾಯ್ಡ್ ಎಂಬ ಅಳುಕೂ ಇರುವುದರಿಂದ, ಆರಾಮವಾಗಿರುವ ವಾರಗಳಲ್ಲಿ ಬಿಟ್ಟುಬಿಡುತ್ತೇನೆ. ಕಳೆದ ತಿಂಗಳು ಕೆಮ್ಮಿನಿಂದ ಹಲವು ರಾತ್ರಿ ಎಚ್ಚರವಾಯಿತು. ನನ್ನ ಲೆಕ್ಕ ತಪ್ಪಿದೆಯೇ?

ಉತ್ತರ 1
ತಪ್ಪಿದೆ, ಮತ್ತು ನಾನೂ ಹಲವು ವರ್ಷ ಇದೇ ತಪ್ಪನ್ನು ಮಾಡಿದವನು. ಉಬ್ಬಸ ಬಂದಾಗ ಕಾಯಿಲೆ ಬಂತು, ನಿಂತಾಗ ಹೋಯಿತು ಎಂದು ನಂಬಿದ್ದೆ. ವಾಸ್ತವದಲ್ಲಿ ಶ್ವಾಸನಾಳಗಳ ಒಳಪದರದ ಉರಿಯೂತವು ನಾವು ಆರಾಮವಾಗಿರುವಾಗಲೂ ಉಳಿದಿರಬಹುದು. ಧೂಳು, ಹೊಗೆ, ನೆಗಡಿ ತಗುಲಿದೊಡನೆ ಆ ನಾಳಗಳು ಬಿಗಿದುಕೊಳ್ಳುತ್ತವೆ. ಸಾಲ್ಬುಟಮಾಲ್ ನಾಳದ ಸುತ್ತಲಿನ ಸ್ನಾಯುವನ್ನು 4ರಿಂದ 6 ಗಂಟೆಗಳ ಕಾಲ ಸಡಿಲಿಸುತ್ತದೆಯೇ ಹೊರತು ಉರಿಯೂತವನ್ನು ತಗ್ಗಿಸುವುದಿಲ್ಲ. ಅದನ್ನು ತಗ್ಗಿಸುವುದು ನೀವು ಬಿಡುತ್ತಿರುವ ಔಷಧ, ಅದೂ ದಿನಗಳು, ವಾರಗಳ ಅವಧಿಯಲ್ಲಿ, ಸದ್ದಿಲ್ಲದೆ. ಜಾಗತಿಕ ಆಸ್ತಮಾ ಮಾರ್ಗಸೂಚಿಯಾದ ಜೀನಾ 2019ರಿಂದ ವಯಸ್ಕರಿಗೆ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆಯನ್ನು ಶಿಫಾರಸು ಮಾಡುತ್ತಿಲ್ಲ. ರಾತ್ರಿ ಎಚ್ಚರವಾಗುವುದು, ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಸಾಲ್ಬುಟಮಾಲ್ ಬೇಕಾಗುವುದು, ಇವು ಕಾಯಿಲೆ ಹತೋಟಿ ತಪ್ಪುತ್ತಿರುವ ಗುರುತುಗಳು. ದಯವಿಟ್ಟು ಬೇಗನೆ ವೈದ್ಯರನ್ನು ಕಾಣಿರಿ.

ಉತ್ತರ 2
ಸ್ಟೀರಾಯ್ಡ್ ಬಗೆಗಿನ ಅಳುಕು ಸಹಜವಾದದ್ದು. ಆದರೆ ಇನ್ಹೇಲರ್‌ನ ಪ್ರಮಾಣವನ್ನು ಮೈಕ್ರೋಗ್ರಾಂಗಳಲ್ಲಿ ಅಳೆಯುತ್ತಾರೆ, ಮಾತ್ರೆಯದನ್ನು ಮಿಲಿಗ್ರಾಂಗಳಲ್ಲಿ. ನಿತ್ಯದ ಔಷಧ ಬಿಟ್ಟು ಕಾಯಿಲೆ ಉಲ್ಬಣಿಸಿದರೆ ಕೊನೆಗೆ ನುಂಗಬೇಕಾಗುವುದು ಆ ಮಾತ್ರೆಗಳನ್ನೇ. ಬಾಯಿಯಲ್ಲಿ ಬಿಳಿ ಹುಣ್ಣಾಗದಂತೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಿದರಾಯಿತು. ನಿಮ್ಮದು ಒತ್ತುವ ಇನ್ಹೇಲರ್ ಆಗಿದ್ದರೆ ನಿಧಾನವಾಗಿ, ಆಳವಾಗಿ ಎಳೆದು 10 ಸೆಕೆಂಡು ಉಸಿರು ಹಿಡಿಯಬೇಕು. ಪುಡಿಯದಾದರೆ ರಭಸದಿಂದ ಎಳೆಯಬೇಕು. ಇದು ಅದಲುಬದಲಾದರೆ ಔಷಧದ ಬಹುಪಾಲು ಗಂಟಲಿನಲ್ಲೇ ಉಳಿಯುತ್ತದೆ. ನೀವು ಎಳೆಯುವ ರೀತಿಯನ್ನು ವೈದ್ಯರೆದುರು ಒಮ್ಮೆ ಮಾಡಿ ತೋರಿಸಿ.

ಉತ್ತರ 3
ಉಸಿರನ್ನು ಎಷ್ಟು ವೇಗವಾಗಿ ಹೊರಗೆ ಊದಬಲ್ಲೆವು ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಇಟ್ಟುಕೊಂಡರೆ ಊಹೆಗೆ ಆಸ್ಪದವಿರುವುದಿಲ್ಲ. ನನ್ನ ಅತ್ಯುತ್ತಮ ಅಳತೆ ನಿಮಿಷಕ್ಕೆ 400 ಲೀಟರ್. ಅದರ 80 ಶೇಕಡಾ, ಅಂದರೆ 320ಕ್ಕಿಂತ ಕೆಳಗಿಳಿದರೆ ಮಾಡಬೇಕಾದದ್ದನ್ನೂ, 200ಕ್ಕಿಂತ ಕೆಳಗಿಳಿದರೆ ಕೂಡಲೇ ಆಸ್ಪತ್ರೆಗೆ ಹೊರಡಬೇಕೆಂಬುದನ್ನೂ ವೈದ್ಯರು ಬರೆದುಕೊಟ್ಟಿದ್ದಾರೆ. ಎಷ್ಟೋ ಸಲ ಎದೆ ಬಿಗಿಯುವ ಮೊದಲೇ ಅಂಕಿ ಇಳಿದಿರುತ್ತದೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ನನ್ನದು ಪುಡಿಯ ಇನ್ಹೇಲರ್, ನಾನು ಇಷ್ಟು ದಿನ ಅದನ್ನು ಮೆಲ್ಲಗೆ ಎಳೆಯುತ್ತಿದ್ದೆ. ಇಂದು ರಾತ್ರಿಯಿಂದಲೇ ಬುಡೆಸೊನೈಡ್ ಮತ್ತೆ ಆರಂಭಿಸುತ್ತೇನೆ, ಈ ವಾರವೇ ವೈದ್ಯರಲ್ಲಿಗೆ ಹೋಗುತ್ತೇನೆ.