ಸಹಾಯ ಬೇಕು: ಬ್ಯಾಟರಿ ಸೋತರೆ ಮೈಲೇಜೂ ಇಳಿಯುತ್ತದೆಯೇ?

ನಮಸ್ಕಾರ. ನನ್ನದು ಆರು ವರ್ಷದ ಪೆಟ್ರೋಲ್ ಕಾರು; ಬ್ಯಾಟರಿ ಹಾಕಿಸಿ ನಾಲ್ಕು ವರ್ಷವಾಯಿತು. ತುಮಕೂರು–ಬೆಂಗಳೂರು ಓಡಾಟದಲ್ಲಿ ಲೀಟರಿಗೆ 17 ಕಿ.ಮೀ. ಕೊಡುತ್ತಿದ್ದದ್ದು ಎರಡು ತಿಂಗಳಿಂದ 14ಕ್ಕೆ ಇಳಿದಿದೆ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಸ್ಟಾರ್ಟರ್ ನಿದ್ದೆಗಣ್ಣಿನಲ್ಲಿ ಎಬ್ಬಿಸಿದವರಂತೆ ಗೊಣಗುತ್ತದೆ, ಹೆಡ್‌ಲೈಟ್ ಮಂಕಾಗುತ್ತದೆ. ಪೆಟ್ರೋಲ್ ಉಳಿಸಲೆಂದು ಸಿಗ್ನಲ್‌ನಲ್ಲಿ ತಾನಾಗಿ ಆಫ್ ಆಗುತ್ತಿದ್ದ ಎಂಜಿನ್ ಈಗ ಆಫ್ ಆಗುವುದೇ ಇಲ್ಲ.

ಟೈರಿನ ಗಾಳಿ ಸರಿಯಿದೆ, ಏರ್ ಫಿಲ್ಟರ್ ಹೊಸದು, ಸ್ಪಾರ್ಕ್ ಪ್ಲಗ್ ಕೂಡ ಬದಲಾಯಿಸಿದ್ದಾಯಿತು. ಟರ್ಮಿನಲ್ ಮೇಲೆ ಕಟ್ಟಿದ್ದ ಬಿಳಿ ಪುಡಿಯನ್ನು ಬಿಸಿನೀರು ಹಾಕಿ, ಹಳೆಯದೆಂದು ಕೈಗೆ ಸಿಕ್ಕ ಟೂತ್‌ಬ್ರಷ್‌ನಿಂದ ನಾನೇ ಉಜ್ಜಿದೆ (ಅದು ಮಗಳದ್ದೆಂದು ಆಮೇಲೆ ತಿಳಿಯಿತು). ರಾತ್ರಿಯಿಡೀ ನಿಂತ ಕಾರಿನಲ್ಲಿ ಮಲ್ಟಿಮೀಟರ್ 12.1 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ 14.2.

ಗ್ಯಾರೇಜಿನವರು “ಬ್ಯಾಟರಿಗೂ ಮೈಲೇಜಿಗೂ ಸಂಬಂಧವೇ ಇಲ್ಲ, ಇಂಜೆಕ್ಟರ್ (ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಭಾಗ) ಸ್ವಚ್ಛ ಮಾಡಿಸಿ” ಎನ್ನುತ್ತಾರೆ. ಆದರೆ ಬ್ಯಾಟರಿ ತುಂಬಿಸಲು ಆಲ್ಟರ್ನೇಟರ್ ಎಂಜಿನ್‌ನ ಶಕ್ತಿಯನ್ನೇ ತಾನೆ ಎಳೆದುಕೊಳ್ಳುವುದು? ಅದಕ್ಕೆ ಪೆಟ್ರೋಲ್ ಸುಡಲೇಬೇಕಲ್ಲ! ನನ್ನ ಗೊಂದಲ ಇಷ್ಟೇ: ಆ ಹೊರೆಯೂ ಸಿಗ್ನಲ್‌ನಲ್ಲಿ ಆಫ್ ಆಗದ ಎಂಜಿನ್ನೂ ಸೇರಿದರೆ ಲೀಟರಿಗೆ 3 ಕಿ.ಮೀ.ಯಷ್ಟು ಕಡಿಮೆಯಾಗುತ್ತದೆಯೇ? ಬ್ಯಾಟರಿ ಬದಲಾಯಿಸಿದ ಮೇಲೆ ನಿಮ್ಮಲ್ಲಿ ಯಾರಿಗಾದರೂ ಮೈಲೇಜ್ ಏರಿದ್ದರೆ, ಎಷ್ಟು ಏರಿತು ಎಂದು ದಯವಿಟ್ಟು ತಿಳಿಸುವಿರಾ?