ವೈಪಿ ಎಂಜಿನ್ ಮಾದರಿ: ಮನೆಯ 3ಡಿ ಪ್ರಿಂಟರ್‌ಗೆ ಯಾವ ಸ್ಕೇಲ್ ಒಗ್ಗತ್ತೆ?

ಬೀರೂರು ಲೂಪ್‌ಲೈನ್:
ಮೀಟರ್ ಗೇಜ್ ವೈಪಿ ಸ್ಟೀಮ್ ಎಂಜಿನ್ನಿನ ಮಾದರಿಯನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದೇನೆ. 1:87 ಸ್ಕೇಲ್, ಅಂದರೆ ನಿಜದ 87ನೇ ಒಂದು ಭಾಗ, ಅಂತ ಅಂದುಕೊಂಡಿದ್ದೇನೆ. ಆ ಲೆಕ್ಕದಲ್ಲಿ ಒಂದು ಮೀಟರ್ ಅಗಲದ ಹಳಿ 11.5 ಮಿ.ಮೀ. ಆಗುತ್ತದೆ. 12 ಮಿ.ಮೀ. ಮಾದರಿ ಹಳಿ ರೆಡಿಮೇಡ್ ಇದೆ, ಹತ್ತಿರ ಹತ್ತಿರ ಸರಿಹೋಗತ್ತೆ ಅಲ್ವಾ? ನನ್ನ ಹತ್ತಿರ ಇರುವುದು ಫಿಲಮೆಂಟ್ 3ಡಿ ಪ್ರಿಂಟರ್, ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರ ಪದರವಾಗಿ ಕಟ್ಟುವಂಥದ್ದು. ಪ್ಲಾಸ್ಟಿಕ್ ಹೊರಬರುವ ನಾಝಲ್ 0.4 ಮಿ.ಮೀ., ಪ್ರಿಂಟ್ ಕೂರುವ ಬೆಡ್ 220 ಮಿ.ಮೀ. ಬಾಯ್ಲರ್, ಕ್ಯಾಬ್, ಹಿಂದಿನ ಕಲ್ಲಿದ್ದಲು-ನೀರಿನ ಟೆಂಡರ್ ಬಿಡಿಸಿ ಆಯಿತು. ರಿವೆಟ್, ಕೈಹಿಡಿ ಕಂಬಿ, ಚಕ್ರ ಬಾಕಿ ಇವೆ. ಇವೆಲ್ಲ ಪ್ರಿಂಟ್ ಆಗತ್ತಾ?

ರೆಸಿನ್ ರಾಯ:
ಆಗಲ್ಲ ಸಾರ್. ಒಂದಿಂಚಿನ ರಿವೆಟ್ ತಲೆ 1:87ರಲ್ಲಿ ಬರೀ 0.3 ಮಿ.ಮೀ. ನಿಮ್ಮ ನಾಝಲ್ ತೂತೇ ಅದಕ್ಕಿಂತ ದೊಡ್ಡದು. ಚಿತ್ರವನ್ನು ಪದರಗಳಾಗಿ ಸೀಳುವ ಸ್ಲೈಸರ್ ತಂತ್ರಾಂಶ ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಈ ಸ್ಕೇಲೇ ಬೇಕು ಅಂದರೆ, ದ್ರವ ರೆಸಿನ್ನನ್ನು ಬೆಳಕಿನಲ್ಲಿ ಗಟ್ಟಿ ಮಾಡುವ ರೆಸಿನ್ ಪ್ರಿಂಟರ್ ಕೊಳ್ಳಿ. ಅದರ ಪಿಕ್ಸೆಲ್ 0.05 ಮಿ.ಮೀ. ಆಸುಪಾಸು, ರಿವೆಟ್ ಸಾಲು ಚೆನ್ನಾಗಿ ಎದ್ದು ಕಾಣತ್ತೆ.

ಲೇತ್ ಲಕ್ಷ್ಮಿ:
ಪ್ರಿಂಟರ್ ಬದಲಿಸಿ ಅನ್ನುವುದು ಸುಲಭ ರಾಯರೇ. ರೆಸಿನ್ ಅಂದರೆ ಕೈಗವಸು, ಆಲ್ಕೋಹಾಲ್‌ನಲ್ಲಿ ತೊಳೆಯುವುದು, ಯುವಿ ಬೆಳಕಿನಲ್ಲಿ ಗಟ್ಟಿ ಮಾಡುವುದು, ಮೇಲೆ ಆ ವಾಸನೆ. ಎರಡು ಕೋಣೆ ಮನೆಯಲ್ಲಿ, ಅದೂ ಮಕ್ಕಳಿದ್ದರೆ, ನಾನಂತೂ ಬೇಡ ಅನ್ನುತ್ತೇನೆ. ಪ್ರಿಂಟರ್ ಇದ್ದಂತೆ ಇರಲಿ, ಸ್ಕೇಲ್ ಬದಲಿಸಿ. 1:32ಕ್ಕೆ ಹೋದರೆ ಮೀಟರ್ ಗೇಜ್ 31.25 ಮಿ.ಮೀ. ಆಗತ್ತೆ. 32 ಮಿ.ಮೀ.ಯ ಓ ಗೇಜ್ ಹಳಿ ಮೇಲೆ ಆರಾಮಾಗಿ ಕೂರತ್ತೆ. ಅದೇ ರಿವೆಟ್ ಈಗ 0.8 ಮಿ.ಮೀ., ಅಂದರೆ ನಾಝಲ್ಲಿನ ಎರಡು ಗೆರೆ ಅಗಲ. ತೋಟದಲ್ಲಿ ಓಡಿಸುವ ಆಸೆ ಇದ್ದರೆ 1:22.5 ಕೂಡ ಇದೆ, 45 ಮಿ.ಮೀ. ಹಳಿ. ಆ ಸ್ಕೇಲ್ ಹುಟ್ಟಿದ್ದೇ ಮೀಟರ್ ಗೇಜ್ ಗಾಡಿಗಳಿಗಾಗಿ.

ಬೀರೂರು ಲೂಪ್‌ಲೈನ್:
ಮೇಡಂ, ಟೆಂಡರ್ ಸೇರಿ ವೈಪಿ ಸುಮಾರು 19 ಮೀಟರ್ ಉದ್ದ. 1:87ರಲ್ಲಿ 22 ಸೆಂ.ಮೀ., ಶೋಕೇಸಿನಲ್ಲಿ ಹಿಡಿಯತ್ತೆ. 1:32ರಲ್ಲಿ 60 ಸೆಂ.ಮೀ. 1:22.5 ಅಂದರೆ 85 ಸೆಂ.ಮೀ. ಮನೆಯವರಿಗೆ ಏನು ಹೇಳಲಿ?

ಲೇತ್ ಲಕ್ಷ್ಮಿ:
ಅದು ನಿಮ್ಮ ಮನೆ ವಿಷಯ, ನಾನು ಬಾಯಿ ಹಾಕಲ್ಲ 😀

ಅಳತೆಗಾರ:
ಸ್ಕೇಲ್ ಯಾವುದೇ ಇರಲಿ, ಒಂದು ಮಾತು. ಪ್ರಿಂಟ್ ಆಗಲ್ಲ ಅಂತ ರಿವೆಟ್ಟನ್ನೂ ಕಂಬಿಯನ್ನೂ ದಪ್ಪ ಮಾಡಬೇಡಿ. ಸುಮಾರು ಮಾದರಿ ನೋಡಿದ್ದೇನೆ, ಬಾಯ್ಲರ್ ಮೈತುಂಬ ಮೊಡವೆ ಎದ್ದಂತೆ ಇರುತ್ತವೆ. ಬರದಿದ್ದರೆ ಬಿಟ್ಟುಬಿಡಿ. ಬೇಕೇ ಬೇಕು ಅಂದರೆ ಉಬ್ಬು ರಿವೆಟ್ ಸಾಲಿರುವ ಡೆಕಾಲ್ ಹಾಳೆ ಅಂಟಿಸಿ, ಮೇಲೆ ಬಣ್ಣ ಹೊಡೆಯಿರಿ.

ರೆಸಿನ್ ರಾಯ:
ಬಣ್ಣದ ಎರಡು ಕೋಟ್ ಕೂತರೆ ಸಣ್ಣ ರಿವೆಟ್ ಮುಚ್ಚಿಯೇ ಹೋಗತ್ತೆ. ಕಣ್ಣಿಗೆ ಕಾಣಬೇಕಾದರೆ ಒಂಚೂರು ಜಾಸ್ತಿ ಕೊಡಲೇಬೇಕು. ನೂರಕ್ಕೆ ನೂರು ಅಳತೆ ಡ್ರಾಯಿಂಗಿನಲ್ಲಿ ಚೆಂದ.

ಶೆಡ್ ಅಜ್ಜ:
ಏನ್ರಪ್ಪಾ, ಬಾಯ್ಲರ್ ಮೇಲೆ ರಿವೆಟ್ ಎಲ್ಲಿಂದ ಬಂತು? ಹೊರಗೆ ಕಾಣುವುದು ಬಾಯ್ಲರೇ ಅಲ್ಲ. ಶಾಖ ಹೋಗದ ಹಾಗೆ ಸುತ್ತಿ, ಅದರ ಮೇಲೆ ಹಾಕಿದ ತಗಡು. ಆ ತಗಡನ್ನು ಬಿಗಿಯಾಗಿ ಹಿಡಿದಿರುವುದು ಸುತ್ತ ಕಟ್ಟಿದ ಪಟ್ಟಿಗಳು. ನೀವು ಬಿಡಿಸಬೇಕಾದ್ದು ಪಟ್ಟಿ. ಚಿಮಣಿಯ ಕೆಳಗಿನ ಸ್ಮೋಕ್‌ಬಾಕ್ಸಿಗೆ ಆ ಹೊದಿಕೆ ಇರಲ್ಲ. ಅಲ್ಲೂ ಟೆಂಡರಿನ ಮೇಲೂ ರಿವೆಟ್ ಎಲ್ಲಿದೆ ಅಂತ ಫೋಟೋ ನೋಡಿಯೇ ಹಾಕಿ.

ಮತ್ತೆ, ತಮ್ಮಾ, ನೀನು ಮಾಡ್ತಿರೋದು ಯಾವ ವೈಪಿ? ಒಟ್ಟು 871 ಎಂಜಿನ್ ಬಂದವು. 1949ರಲ್ಲಿ ಮೊದಲ 20 ಅಮೆರಿಕದ ಬಾಲ್ಡ್‌ವಿನ್‌ನಿಂದ. ಆಮೇಲೆ ಸ್ಕಾಟ್ಲೆಂಡಿನ ನಾರ್ತ್ ಬ್ರಿಟಿಷ್ 100, ಜರ್ಮನಿಯ ಕ್ರೌಸ್-ಮಫೈ 100. ಉಳಿದದ್ದೆಲ್ಲ ಜಮ್‌ಶೆಡ್‌ಪುರದ ಟೆಲ್ಕೋ, 1970ರ ತನಕ. ಒಂದು ಎಂಜಿನ್ ಆರಿಸಿಕೊಂಡು ಅದರ ಫೋಟೋಗಳನ್ನೇ ಇಟ್ಟುಕೋ. ಶೆಡ್ಡಿಗೆ ಬಂದ ಮೇಲೆ ಒಂದೊಂದಕ್ಕೂ ಒಂದೊಂದು ರಿಪೇರಿ ಆಗಿರತ್ತೆ, ಬೆರೆಸಿದರೆ ಯಾವುದೂ ಅಲ್ಲದ ಎಂಜಿನ್ ಆಗತ್ತೆ.

ಬೀರೂರು ಲೂಪ್‌ಲೈನ್:
ಅಜ್ಜ, ಟೆಲ್ಕೋದ್ದೇ ಮಾಡುತ್ತೇನೆ. ಮ್ಯೂಸಿಯಂನಲ್ಲಿ ನಿಲ್ಲಿಸಿರುವ ಒಂದು ವೈಪಿಯ ಚಕ್ರವನ್ನು ಟೇಪ್ ಹಿಡಿದು ಅಳೆದು, ಫೋಟೋದಲ್ಲಿ ಅದನ್ನೇ ಅಳತೆಗೋಲು ಮಾಡಿಕೊಂಡರೆ ಆಗತ್ತಾ?

ಶೆಡ್ ಅಜ್ಜ:
ಟೇಪಿನ ಲೆಕ್ಕ ನಂಬಬೇಡ. ಹೊಸತರಲ್ಲಿ ದೊಡ್ಡ ಚಕ್ರ 54 ಇಂಚು, 1372 ಮಿ.ಮೀ. ಓಡಿ ಓಡಿ ಚಕ್ರದ ಸುತ್ತಿನ ಉಕ್ಕಿನ ಟೈರ್ ಸವೆಯತ್ತೆ, ಲೇತಿಗೆ ಹಾಕಿ ಮತ್ತೆ ಕಡೆಯುತ್ತಾರೆ. ನಿಂತಿರುವ ಎಂಜಿನ್ನಿನ ಚಕ್ರ ಅದಕ್ಕಿಂತ ಚಿಕ್ಕದಿರತ್ತೆ. ಸವೆಯದ ಅಳತೆ ಬೇಕು ಅಂದರೆ ಚಕ್ರವನ್ನು ತಿರುಗಿಸುವ ತೋಳು, ಕ್ರ್ಯಾಂಕ್ ಹಿಡಿ. ಪಿಸ್ಟನ್ ಓಡಾಟ 24 ಇಂಚು, ಅಂದರೆ ಆಕ್ಸಲ್ ಮಧ್ಯದಿಂದ ಕ್ರ್ಯಾಂಕ್ ಪಿನ್ ಮಧ್ಯಕ್ಕೆ 12 ಇಂಚು. ಅದು ಬದಲಾಗಲ್ಲ.

ಅಳತೆಗಾರ:
ಇದು ಮಾತು! ಫೋಟೋವನ್ನು ದೂರ ನಿಂತು ಝೂಮ್ ಮಾಡಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಮಧ್ಯದ್ದು ಉಬ್ಬಿ, ತುದಿಗಳು ಸಣ್ಣಗೆ ಕಾಣುತ್ತವೆ.

ಲೇತ್ ಲಕ್ಷ್ಮಿ:
ಅಜ್ಜ ಹೇಳಿದ ಪಟ್ಟಿಯಿಂದ ಇನ್ನೊಂದು ಕೆಲಸವೂ ಆಗತ್ತೆ. ಬಾಯ್ಲರನ್ನು ಮಲಗಿಸಿ ಪ್ರಿಂಟ್ ಮಾಡಿದರೆ ನೆತ್ತಿಯ ಮೇಲೇ ಮೆಟ್ಟಿಲು ಮೆಟ್ಟಿಲು ಗೆರೆ ಬೀಳತ್ತೆ, ಎಲ್ಲರ ಕಣ್ಣೂ ಬೀಳುವುದು ಅಲ್ಲಿಗೇ. ಕೆಳಗಡೆ, ಪ್ರಿಂಟ್ ಆಗುವಾಗ ಆತುಕೊಂಡಿದ್ದ ಸಪೋರ್ಟ್ ಕಿತ್ತ ಗಾಯ ಬೇರೆ. ನಿಲ್ಲಿಸಿ ಪ್ರಿಂಟ್ ಮಾಡಿ, ಸುತ್ತ ನುಣುಪಾಗಿ ಬರತ್ತೆ. 1:32ರಲ್ಲಿ ಎರಡು ಮೂರು ತುಂಡು ಬೇಕಾಗಬಹುದು. ಆ ತುಂಡುಗಳನ್ನು ಸರಿಯಾಗಿ ಪಟ್ಟಿ ಬರುವ ಜಾಗದಲ್ಲೇ ಕತ್ತರಿಸಿ. ಪಟ್ಟಿಯನ್ನು ತೆಳು ಉಂಗುರದ ಹಾಗೆ ಬೇರೆ ಪ್ರಿಂಟ್ ಮಾಡಿ ಮೇಲೆ ತೂರಿಸಿದರೆ ಜೋಡಣೆಯೇ ಕಾಣಲ್ಲ. ಡೋಮ್, ಚಿಮಣಿ ಎಲ್ಲ ಬೇರೆ ಬೇರೆ ಮಾಡಿ, ತೂತಿಗೆ 0.2 ಮಿ.ಮೀ. ಸಡಿಲ ಬಿಡಿ.

ಕೈಹಿಡಿ ಕಂಬಿ ಪ್ರಿಂಟ್ ಮಾಡಲೇಬೇಡಿ, ಹಿತ್ತಾಳೆ ತಂತಿ ಬಗ್ಗಿಸಿ ಹಾಕಿ. ಪ್ರಿಂಟರ್ ಇದೆ ಅಂತ ಎಲ್ಲವನ್ನೂ ಅದರಲ್ಲೇ ಮಾಡಬೇಕು ಅನ್ನುವ ಹಟ ಯಾಕೋ ಗೊತ್ತಿಲ್ಲ.

ಹೊಸಬ:
ಒಂದು ಪೆದ್ದು ಪ್ರಶ್ನೆ. ಇದು ನಿಜವಾಗಿ ಆವಿಯಲ್ಲೇ ಓಡತ್ತಾ?

ರೆಸಿನ್ ರಾಯ:
ಇಲ್ಲ ಮಾರಾಯ. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಗೇ ಮೆತ್ತಗಾಗತ್ತೆ. ಆವಿಗೆ ಲೋಹದ ಬಾಯ್ಲರೇ ಬೇಕು, ಅದು ಬೇರೆಯೇ ವಿದ್ಯೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೂ ಈ ಎಂಜಿನ್ ಇಡಬೇಡಿ, ಚಿಮಣಿ ವಾಲಿಕೊಳ್ಳತ್ತೆ.

ಬೀರೂರು ಲೂಪ್‌ಲೈನ್:
ಸರಿ, ಮನೆಯಲ್ಲಿ ಮಾತಾಡಿ ಆಯಿತು. 1:32. ಚಕ್ರ 43 ಮಿ.ಮೀ., ಕ್ರ್ಯಾಂಕ್ ಪಿನ್ ಮಧ್ಯದಿಂದ 9.5 ಮಿ.ಮೀ. ಪ್ಲಾಸ್ಟಿಕ್ ಚಕ್ರ ಹಳಿಯಿಂದ ಕರೆಂಟ್ ತಗೊಳ್ಳಲ್ಲ, ಹಾಗಾಗಿ ಬ್ಯಾಟರಿ ಟೆಂಡರಿನೊಳಗೆ. ಆದರೆ ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಸೈಡ್ ರಾಡ್ ಹಾಕಿದ ಪರೀಕ್ಷೆ ಫ್ರೇಮ್ ಅರ್ಧ ಸುತ್ತಿಗೇ ಜಾಮ್ ಆಗುತ್ತಿದೆ.

ಶೆಡ್ ಅಜ್ಜ:
ಎಡಗಡೆ ಕ್ರ್ಯಾಂಕಿಗೂ ಬಲಗಡೆ ಕ್ರ್ಯಾಂಕಿಗೂ 90 ಡಿಗ್ರಿ ಇರಬೇಕು. ಮೂರು ಆಕ್ಸಲಿನಲ್ಲೂ ಅಷ್ಟೇ ಇರಬೇಕು. ಒಂದರಲ್ಲಿ ಚೂರು ತಪ್ಪಿದರೂ ರಾಡ್ ಹಿಡಿದುಕೊಳ್ಳತ್ತೆ.

ಲೇತ್ ಲಕ್ಷ್ಮಿ:
ಕಣ್ಣಳತೆಯಲ್ಲಿ ಒತ್ತಿ ಕೂರಿಸಿದ್ದೀರಿ ಅನ್ನಿಸತ್ತೆ. ಆಕ್ಸಲ್ ತುದಿಯನ್ನು ಚೌಕ ಮಾಡಿ, ಚಕ್ರದ ತೂತನ್ನೂ ಚೌಕ ಮಾಡಿ. ಚೌಕ ತಿರುಗುವುದೇ 90 ಡಿಗ್ರಿ ಲೆಕ್ಕದಲ್ಲಿ, ಹಾಗಾಗಿ ಬೇಕೆಂದರೂ ನಡುವೆ ಎಲ್ಲೂ ಕೂರಲ್ಲ. ರಾಡ್‌ಗಳನ್ನು ಬೆಡ್ ಮೇಲೆ ಮಲಗಿಸಿಯೇ ಪ್ರಿಂಟ್ ಮಾಡಿ, ನಿಲ್ಲಿಸಿದರೆ ಪದರದಲ್ಲಿ ಸೀಳತ್ತೆ. ಬಾಯ್ಲರ್ ಟೊಳ್ಳಾಗಿರತ್ತಲ್ಲ, ಅದರೊಳಗೆ ಕಬ್ಬಿಣದ ಗುಂಡು ತುಂಬಿ. ಭಾರ ಇಲ್ಲದಿದ್ದರೆ ಚಕ್ರ ಸುಮ್ನೆ ಜಾರತ್ತೆ, ಗಾಡಿ ಹೊರಡಲ್ಲ.

ಅಳತೆಗಾರ:
ತಿರುವು ಬಿಗಿ ಇದ್ದರೆ ಮಧ್ಯದ ಚಕ್ರದ ಫ್ಲ್ಯಾಂಜ್, ಅಂದರೆ ಹಳಿಯ ಒಳಗಡೆ ಇಳಿಯುವ ಅಂಚು, ತೆಗೆಯಿರಿ.

ರೆಸಿನ್ ರಾಯ:
ಓಹೋ! ರಿವೆಟ್ ದಪ್ಪ ಮಾಡಬಾರದು, ಫ್ಲ್ಯಾಂಜ್ ಮಾತ್ರ ಬೋಳಿಸಬಹುದಾ?

ಅಳತೆಗಾರ:
ಹಳಿ ಮೇಲೆ ನಿಂತಾಗ ಫ್ಲ್ಯಾಂಜ್ ಯಾರಿಗೂ ಕಾಣಲ್ಲ ರಾಯರೇ. ರಿವೆಟ್ ಎಲ್ಲರಿಗೂ ಕಾಣತ್ತೆ.